ನ್ಯೂಮನ್ ಹೊಡೆದ ಗೋಲು

ಇನ್ವರ್‌ಲೋಗಿ ರೋವರ್ಸ್ ಕ್ಲಬ್ಬಿಗೆ ನೂರು ತುಂಬಿದಾಗ ಒಬ್ಬ ಮೇಷ್ಟ್ರು ಅದರ ಚರಿತ್ರೆ ಬರೆದರು. ಪಾಪ, ಒಳ್ಳೆಯ ಮನುಷ್ಯ. ಭೂಗೋಳ ಪಾಠ ಮಾಡುತ್ತಿದ್ದವರು, ಬೇರೆ ಕಡೆಯಿಂದ ನಮ್ಮೂರಿಗೆ ಬಂದವರು. ಲೈಬ್ರರಿಯಲ್ಲಿ ಎರಡು ವರ್ಷ ಕೂತು, ಹಳೆಯ ಪೇಪರುಗಳನ್ನೆಲ್ಲ ತಿರುವಿಹಾಕಿ, ಯಾರು ಎಷ್ಟು ಪಂದ್ಯ ಆಡಿದರೆಂದು ಪಟ್ಟಿ ಮಾಡಿ, ಕೊನೆಗೆ ಒಂದು ಇಡೀ ಪುಟವನ್ನು ಒಬ್ಬನೇ ಆಟಗಾರನಿಗೆ ಮೀಸಲಿಟ್ಟರು. ಅವನ ಹೆಸರು ನ್ಯೂಮನ್. 1921ರಿಂದ 1962ರವರೆಗೆ, ನಲವತ್ತೊಂದು ವರ್ಷ, ರೋವರ್ಸ್ ಪರವಾಗಿ ಆಡಿದ ಏಕೈಕ ವ್ಯಕ್ತಿ. ಗೋಲ್‌ಕೀಪರ್ ಆಗಿ ಆಡಿದ್ದ, ಬ್ಯಾಕ್ ಆಗಿ ಆಡಿದ್ದ, ಸೆಂಟರ್ ಫಾರ್ವರ್ಡ್ ಆಗಿಯೂ ಆಡಿದ್ದ. ‘ಇಂಥ ನಿಷ್ಠೆ ಇಂದಿನ ಯುವಕರಿಗೆ ಮಾದರಿಯಾಗಲಿ’ ಎಂದು ಮೇಷ್ಟ್ರು ಮನಸಾರೆ ಹಾರೈಸಿದ್ದರು.

ಊರು ಬಿದ್ದು ಬಿದ್ದು ನಕ್ಕಿತು. ನ್ಯೂಮನ್ ಎಂಬ ಮನುಷ್ಯನೇ ಇರಲಿಲ್ಲ! ಸ್ಕಾಟ್ಲೆಂಡಿನ ನಮ್ಮಂಥ ಸಣ್ಣ ಕ್ಲಬ್ಬುಗಳಲ್ಲಿ ಹೊಸ ಹುಡುಗನೊಬ್ಬನನ್ನು ಪರೀಕ್ಷೆಗೆಂದು ಒಂದು ಪಂದ್ಯ ಆಡಿಸುವಾಗ ಅವನ ಹೆಸರು ಹೊರಗೆ ಬಿಡುವುದಿಲ್ಲ. ಹೆಸರು ಗೊತ್ತಾದರೆ ದೊಡ್ಡ ಕ್ಲಬ್ಬಿನವರು ಎಗರಿಸಿಕೊಂಡು ಹೋದಾರು ಎಂಬ ಭಯ ಇವರಿಗೆ. ಚೆನ್ನಾಗಿ ಆಡದಿದ್ದರೆ ಊರಲ್ಲಿ ಮಾನ ಹೋದೀತು ಎಂಬ ಭಯ ಹುಡುಗನಿಗೆ. ಹಾಗಾಗಿ ಯಾವ ಹುಡುಗ ಆಡಿದರೂ ಪೇಪರಿನವರು ‘ನ್ಯೂಮನ್’ ಎಂದು ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಹೊಸಬ ಎಂದಷ್ಟೇ ಅದರ ಅರ್ಥ. ಮೇಷ್ಟ್ರು ನೂರಕ್ಕೂ ಹೆಚ್ಚು ಹುಡುಗರನ್ನು ಸೇರಿಸಿ ಒಬ್ಬ ಮಹಾಪುರುಷನನ್ನು ಮಾಡಿಟ್ಟಿದ್ದರು.

ಕ್ಲಬ್ಬಿನ ಬಟ್ಟೆ ಒಗೆಯುವ ಇಸಾ ಮಿಲ್ನ್ ಕೂಡ ಆ ಪುಟ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ವಾಷಿಂಗ್ ಮಷಿನ್ ಗುಡುಗುಡು ಎನ್ನುತ್ತಿತ್ತು, ಅದರ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು. ನಗು ನಿಂತ ಮೇಲೆ ಅವಳ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಅಲ್ಲ, ನ್ಯೂಮನ್ ಇಲ್ಲ ಅನ್ನುವುದು ಸರಿ, ಆದರೆ ಆ ಅಂಗಿ ತೊಟ್ಟು ಆಡಿದವರು ಯಾರೋ ಇದ್ದರಲ್ಲ? ಯಾರು ಅವರು? ಆಮೇಲೆ ಏನಾದರು?

ಅದು 1989. ಆ ಹುಳ ಮುಂದೆ ಇಪ್ಪತ್ತಮೂರು ವರ್ಷ ಅವಳನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ಇಸಾ ನಮ್ಮೂರ ಬಂದರಿನ ಹಿಂದಿನ ಬೀದಿಯವಳು. ಅವಳಪ್ಪ ಪೀಟರ್ ಮಿಲ್ನ್ ವಾರವಿಡೀ ನಾರುಬಟ್ಟೆ ಗಿರಣಿಯಲ್ಲಿ ದುಡಿದು, ಶನಿವಾರ ರೋವರ್ಸ್‌ನ ಟ್ರೇನರ್ ಆಗುತ್ತಿದ್ದ. ಟ್ರೇನರ್ ಎಂದರೆ ಏನು ಮಹಾ, ಒಂದು ಬಕೆಟ್ ತಣ್ಣೀರು, ಒಂದು ಸ್ಪಂಜು. ಯಾರಾದರೂ ಬಿದ್ದರೆ ಓಡಿಹೋಗಿ ಕಾಲಿಗೆ ಒತ್ತುವುದು, ಎದ್ದರೆ ಸರಿ, ಏಳದಿದ್ದರೆ ಎತ್ತಿಕೊಂಡು ಬರುವುದು. ಇಸಾ ಹದಿನಾರನೆಯ ವಯಸ್ಸಿಗೆ ಮೀನಿನ ಡಬ್ಬಿ ಕಾರ್ಖಾನೆ ಸೇರಿದಳು, ಅದೇ ವರ್ಷ ಕ್ಲಬ್ಬಿನ ಬಟ್ಟೆಯೂ ಅವಳ ಕೈಗೆ ಬಂತು. ಭಾನುವಾರ ಅವಳ ಮನೆಯ ಹಿಂದಿನ ಹಗ್ಗದ ಮೇಲೆ ಕಪ್ಪು ಕೆಂಪು ಪಟ್ಟೆಯ ಅಂಗಿಗಳು ಸಮುದ್ರದ ಗಾಳಿಗೆ ಹಾರಾಡುತ್ತಿದ್ದವು. ಚರ್ಚಿನಿಂದ ಬರುವವರು ಅದನ್ನು ನೋಡಿಯೇ ಹಿಂದಿನ ದಿನ ಎಷ್ಟು ಕೆಸರಿತ್ತು, ಯಾರ ಅಂಗಿ ಹರಿಯಿತು ಎಂದು ಮಾತಾಡಿಕೊಳ್ಳುತ್ತಿದ್ದರು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಮೂಗು ತೂರಿಸಿದರೆ, “ಶನಿವಾರ ಬಿಡುವಿರಲಿಲ್ಲ” ಎಂದು ಮಾತು ಮುಗಿಸಿಬಿಡುತ್ತಿದ್ದಳು.

ಅವಳ ಪಟ್ಟಿಗೆ ಒಂದು ಕಟ್ಟುನಿಟ್ಟು ಇತ್ತು. ಎರಡು ಸಾಕ್ಷಿ ಇಲ್ಲದೆ ಒಂದು ಹೆಸರೂ ಒಳಗೆ ಬರುವಂತಿಲ್ಲ. ಯಾರೋ ಅಜ್ಜ ಬಂದು “1934ರಲ್ಲಿ ಆ ನ್ಯೂಮನ್ ನಾನೇ ಕಣಮ್ಮ” ಎಂದರೆ, “ಸಂತೋಷ, ಕೂತ್ಕೊಳಿ. ಇನ್ನೊಬ್ಬರನ್ನ ಕರ್ಕೊಂಡು ಬನ್ನಿ” ಎನ್ನುವಳು. ಹಾಗೆ ಹುಡುಕುತ್ತ ಹೋದವಳಿಗೆ ಎಂಥೆಂಥವರು ಸಿಕ್ಕರು! ಹೆಣದ ಪೆಟ್ಟಿಗೆ ಮಾಡುವ ಬಡಗಿ ಒಬ್ಬ. ಜ್ವರವೆಂದು ರಜೆ ಹಾಕಿ ಬಂದು ಆಡಿ, ಮಾರನೆಯ ದಿನ ನಿಜವಾಗಿಯೂ ಜ್ವರ ಹಿಡಿದು ಮಲಗಿದ ಪೊಲೀಸಿನವನು ಒಬ್ಬ. ಪಾದ್ರಿಯಾಗಲು ಓದುತ್ತಿದ್ದು, ಆಟದ ನಡುವೆ ಬಾಯಿಗೆ ಬಂದ ಬೈಗುಳಕ್ಕೆ ತಾನೇ ಹೆದರಿ, ಇನ್ನೆಂದೂ ಮೈದಾನದ ಕಡೆ ತಲೆ ಹಾಕದವನು ಒಬ್ಬ. 2012ರ ಹೊತ್ತಿಗೆ ನೂರ ಹದಿನೇಳು ನ್ಯೂಮನ್‌ಗಳಲ್ಲಿ ನೂರ ಹದಿನಾಲ್ಕು ಮಂದಿಗೆ ಅವಳು ಹೆಸರು ಕೊಟ್ಟಿದ್ದಳು. ಮೂವರು ಮಾತ್ರ ಕೈಗೆ ಸಿಗದೆ ಉಳಿದಿದ್ದರು.

ಎಲ್ಲಕ್ಕಿಂತ ಹೆಸರಾದ ನ್ಯೂಮನ್ ಮಾತ್ರ ಅವಳಿಗೆ ಯಾವ ಕಷ್ಟವನ್ನೂ ಕೊಟ್ಟಿರಲಿಲ್ಲ. 1962ರ ಫೆಬ್ರವರಿ ಹದಿನೇಳು. ಅಕ್ಟೋಬರಿನಿಂದ ಒಂದೂ ಪಂದ್ಯ ಗೆಲ್ಲದ ರೋವರ್ಸ್, ಆ ವರ್ಷ ಒಂದೂ ಸೋಲದ ಕಿರ್ಕ್‌ಡೌನ್ ತಂಡದ ಮೇಲೆ ಒಂದು ಗೋಲಿನಿಂದ ಗೆದ್ದ ದಿನ. ಹೊಡೆದವನು ಟ್ರಯಲ್‌ಗೆ ಬಂದ ಹುಡುಗ. ಎಡಗಾಲಿನಲ್ಲಿ ಬೀಸಿದ ಆ ಹೊಡೆತಕ್ಕೆ ಕೀಪರ್ ಕೈ ಎತ್ತುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು. ಅವತ್ತು ಮೈದಾನದಲ್ಲಿದ್ದವರು ಎಂಟುನೂರು ಜನ. ಕಣ್ಣಾರೆ ಕಂಡೆವೆಂದು ಹೇಳುವವರನ್ನು ಕೂಡಿಸಿದರೆ ಆರು ಸಾವಿರವಾದರೂ ಆಗುತ್ತಾರೆ, ಇರಲಿ. ಎರಡು ವಾರದ ಮೇಲೆ ಕ್ಲಬ್ಬು ಆ ಹುಡುಗನಿಗೆ ಸಹಿ ಹಾಕಿಸಿತು, ಪೇಪರಿನಲ್ಲಿ ಹೆಸರೂ ಬಂತು: ಆರ್ಚಿ ಗೌರ್ಲೆ. ಊರಿನಿಂದ ನಾಲ್ಕು ಮೈಲಿ ದೂರದ ಕಲ್ಲುಗಣಿ ಹಳ್ಳಿಯವನು. ಆಮೇಲೆ ಹನ್ನೊಂದು ಪಂದ್ಯ ಆಡಿದ, ಒಂದೂ ಗೋಲು ಹೊಡೆಯಲಿಲ್ಲ. ಜನ ಗೇಲಿ ಮಾಡಿದರು. ಮರುವರ್ಷ ಕೆನಡಾಕ್ಕೆ ಹೋಗಿ ಉಕ್ಕಿನ ಕಾರ್ಖಾನೆ ಸೇರಿದ, ತಿರುಗಿ ಬರಲೇ ಇಲ್ಲ. ಇಸಾಳ ಪಟ್ಟಿಯಲ್ಲಿ ಅವನ ಸಾಲು ಹೀಗಿತ್ತು: ಆರ್ಚಿಬಾಲ್ಡ್ ಗೌರ್ಲೆ, ಪಂದ್ಯ ಹನ್ನೆರಡು, ಗೋಲು ಒಂದು.

ಆರ್ಚಿಯ ತಮ್ಮ ವಾಟಿ ಗೌರ್ಲೆಯನ್ನು ಅರಿಯದವರು ನಮ್ಮೂರಲ್ಲಿ ಇಲ್ಲ. ಮೂವತ್ತೈದು ವರ್ಷ ಬಸ್ ಓಡಿಸಿದವನು, ಒಂಟಿ ಜೀವ, ಅಂಗೈಯಗಲದ ಮುಖ, ಆದರೆ ಗಂಟಲು ಮಾತ್ರ ಹಡಗಿನ ಸೈರನ್ನು. ಹಳೆಯ ಮರದ ಸ್ಟ್ಯಾಂಡಿನ ಮೂರನೆಯ ಸಾಲಿನಲ್ಲಿ ಕೂತು ಐವತ್ತು ವರ್ಷದಿಂದ ರೋವರ್ಸ್‌ನ ಪ್ರತಿಯೊಬ್ಬನಿಗೂ ಮಂಗಳಾರತಿ ಎತ್ತುತ್ತಿದ್ದ.

“ಲೇ ಒಂಬತ್ತನೇ ನಂಬರ್! ನಮ್ಮಜ್ಜಿ ಆಗಿದ್ರೆ ಆ ಬಾಲನ್ನ ಹೆಣದ ಪೆಟ್ಟಿಗೆ ಒಳಗಿಂದಾನೇ ಒದ್ದು ಗೋಲು ಮಾಡ್ತಿದ್ಲು ಕಣೋ!”

ಸುತ್ತಲಿನವರೂ ಬಿಡುತ್ತಿರಲಿಲ್ಲ. “ನಿಮ್ಮಜ್ಜಿ ಇರ್ಲಿ ವಾಟಿ, ನೀನು ಯಾವತ್ತಾದ್ರೂ ಒಂದು ಬಾಲ್ ಒದ್ದಿದ್ಯೇನೋ?”

ಈ ಒಂದು ಮಾತಿಗೆ ಮಾತ್ರ ಅವನು ಕೈಯಲ್ಲಿದ್ದ, ಮಾಂಸ ತುಂಬಿದ ಬಿಸಿ ಪೈಯನ್ನು ಕಚ್ಚಿ, ತುಟಿ ಸುಟ್ಟುಕೊಂಡು, ರೆಫ್ರಿಯ ಕಡೆ ತಿರುಗಿಬಿಡುತ್ತಿದ್ದ.

2012ರಲ್ಲಿ ಆ ಮರದ ಸ್ಟ್ಯಾಂಡನ್ನು ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಗಿತ್ತು. ಆ ನೆಪದಲ್ಲಿ ಕ್ಲಬ್ಬಿನ ಚರಿತ್ರೆಯನ್ನು ಹೊಸದಾಗಿ, ಈ ಸಲವಾದರೂ ತಪ್ಪಿಲ್ಲದೆ, ಅಚ್ಚು ಹಾಕಿಸಬೇಕೆಂದು ಸೆಕ್ರೆಟರಿ ಫಿನ್ಲೆ ಹೊರಟ. ಬರೆಯುವುದು ಇಸಾ, ಇನ್ಯಾರು? 1889ರಲ್ಲಿ ಗಿರಣಿಯ ಹುಡುಗರು ಕುರಿ ಮೇಯುವ ಬಯಲಿನಲ್ಲಿ ಶುರು ಮಾಡಿದ್ದರಿಂದ ಹಿಡಿದು, ಸ್ಟ್ಯಾಂಡಿಗೆ ಬೆಂಕಿ ಬಿದ್ದದ್ದು, ಯುದ್ಧಕ್ಕೆ ಹೋದ ಹನ್ನೊಂದು ಜನರಲ್ಲಿ ನಾಲ್ವರೇ ತಿರುಗಿ ಬಂದದ್ದು, ಹಗಲು ವಿದ್ಯುತ್ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವ ಈಗಿನ ಹುಡುಗರವರೆಗೆ ಎಲ್ಲ ಬರೆದಳು. ಸೋಮವಾರ ಪುಸ್ತಕ ಅಚ್ಚಿಗೆ ಹೋಗಬೇಕು. ಹಿಂದಿನ ಮಂಗಳವಾರ ಫಿನ್ಲೆ ಬಂದು, “ಇಸಾ, ಎಲ್ಲರ ಬಗ್ಗೆ ಬರ್ದಿದೀರಿ, ನಿಮ್ಮಪ್ಪನ ಬಗ್ಗೆ ಒಂದು ಸಾಲೂ ಇಲ್ವಲ್ಲ? ಒಂದು ಪುಟ ಬರ್ಕೊಡಿ” ಎಂದ.

ಅಪ್ಪನ ನೋಟುಬುಕ್ಕುಗಳು ಅವಳ ಬಳಿ ಇದ್ದವು. ಕಾಲಿಗೆ ತಿಕ್ಕುವ ಎಣ್ಣೆಗೆ ಏನೇನು ಬೆರೆಸಬೇಕು, ಯಾರ ಮಂಡಿ ಊದಿದೆ, ಇಂಥವೇ. ಅವುಗಳಲ್ಲಿ ನೋಡುವುದೇನಿದೆ ಎಂದು ಇಷ್ಟು ವರ್ಷ ಅಸಡ್ಡೆ ಮಾಡಿದ್ದಳು. ಈಗ ತಿರುವುತ್ತ 1962ರ ಫೆಬ್ರವರಿ ಹದಿನೇಳಕ್ಕೆ ಬಂದಳು.

‘ಹೊಸ ಹುಡುಗ. ತಂದ ಬೂಟು ತೀರಾ ದೊಡ್ಡದು, ಕಾಲು ನಿಲ್ಲುತ್ತಿಲ್ಲ. ನಮ್ಮ ಏಳನೇ ನಂಬರ್ ಜೋಡಿ ಕೊಟ್ಟೆ. ಸರಿಹೋಯಿತು.’

ಎರಡು ಪುಟ ಮುಂದೆ, ಮಾರ್ಚ್ ಮೂರು. ‘ಗೌರ್ಲೆಗೆ ಬೂಟು ಬೇಕು. ಹತ್ತನೇ ನಂಬರ್.’

ಇಸಾ ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. ಮೂರನೆಯ ಸಲ ಓದಿದಳು. ಎರಡು ವಾರದಲ್ಲಿ ಯಾರ ಕಾಲಾದರೂ ಮೂರು ನಂಬರ್ ಬೆಳೆಯುತ್ತದೆಯೇ? ಅಪ್ಪ ಎಲ್ಲೋ ತಪ್ಪಿರಬೇಕು ಎಂದುಕೊಂಡಳು. ಆದರೆ ಅಪ್ಪ ಕಾಲಿನ ವಿಷಯದಲ್ಲಿ ತಪ್ಪುವವನಲ್ಲ; ಮುಖ ಮರೆತರೂ ಕಾಲು ಮರೆಯದ ಮನುಷ್ಯ. ಅಲ್ಲದೆ, ಪರೀಕ್ಷೆಗೆ ಬರುವ ಹುಡುಗ ತನ್ನ ಕಾಲಿಗೆ ಆಗದ ಬೂಟನ್ನು ಯಾಕೆ ತರುತ್ತಾನೆ?

ಅವತ್ತು ಅವಳು ಊಟ ಮಾಡಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಬುಧವಾರ ಬೆಳಿಗ್ಗೆ ಲೈಬ್ರರಿಯ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ನಿಂತಿದ್ದಳು. ಹಿಂದೆ ಬರೀ ಹೆಸರಿಗಾಗಿ ನೋಡಿದ್ದ ಪೇಪರುಗಳನ್ನು ಈಗ ಕಾಲಿಗಾಗಿ ಓದಿದಳು. ಫೆಬ್ರವರಿಯ ವರದಿಯಲ್ಲಿ, ನ್ಯೂಮನ್ ಆಟವಿಡೀ ಎಡಗಾಲನ್ನೇ ಬಳಸಿದ, ಗೋಲೂ ಎಡಗಾಲಿನದೇ. ಏಪ್ರಿಲ್ ವರದಿಯಲ್ಲಿ ಅದೇ ವರದಿಗಾರ ಬರೆದಿದ್ದ: ‘ಗೌರ್ಲೆಗೆ ಎಡಗಾಲು ಇರುವುದು ಬಲಗಾಲಿಗೆ ಜೊತೆ ಇರಲಿ ಎಂದು ಮಾತ್ರ.’ ಐವತ್ತು ವರ್ಷ ಎರಡೂ ಮಾತು ಒಂದೇ ಕಪಾಟಿನಲ್ಲಿ ಕೂತಿದ್ದವು, ಯಾರೂ ಜೋಡಿಸಿ ನೋಡಿರಲಿಲ್ಲ. ತಾನೂ ನೋಡಿರಲಿಲ್ಲ. ಮೇಷ್ಟ್ರನ್ನು ನೋಡಿ ನಕ್ಕವಳು ತಾನು!

ಅಲ್ಲಿಂದ ಕ್ಲಬ್ಬಿಗೆ ಬಂದರೆ ಫಿನ್ಲೆ ಕುಣಿಯುತ್ತಿದ್ದ.

“ಇಸಾ, ಕೇಳಿದ್ರಾ? ಕೆನಡಾದಿಂದ ಮೇಲ್ ಬಂದಿದೆ. ಆರ್ಚಿ ಗೌರ್ಲೆ ಮಗಳು, ಶೋನಾ ಅಂತ. ಅಪ್ಪ ತೀರಿಹೋಗಿ ಎರಡು ವರ್ಷ ಆಯ್ತಂತೆ. ಅವರು ಜೀವನವೆಲ್ಲ ಹೇಳ್ತಿದ್ದ ಆ ಗೋಲು ಬಿದ್ದ ಜಾಗನ ಸ್ಟ್ಯಾಂಡ್ ಕೆಡವೋ ಮೊದ್ಲು ನೋಡ್ಬೇಕಂತೆ. ಈ ಶನಿವಾರವೇ ಬರ್ತಾರೆ! ಮಧ್ಯಂತರದಲ್ಲಿ ಕರೆದು ಒಂದು ಅಂಗಿ ಕೊಡೋಣ, ಮೈಕಲ್ಲಿ ಹೇಳೋಣ: ಹನ್ನೆರಡು ಆಟ, ಒಂದು ಗೋಲು, ಆದ್ರೆ ಎಂಥ ಗೋಲು! ಹೇಗಿದೆ?”

“ಚೆನ್ನಾಗಿದೆ” ಎಂದಳು ಇಸಾ.

ವಾಟಿ ಗುರುವಾರದ ಅಭ್ಯಾಸಕ್ಕೂ ಬಂದು ಬೈಯುವ ಪೈಕಿ. ಇಸಾ ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತು ಅವನನ್ನು ಕೂಗಿದಳು. ಒಳಗೆ ಬಂದವನ ಬೆನ್ನ ಹಿಂದೆ ಬಾಗಿಲು ಹಾಕಿ, “ಶೂ ಬಿಚ್ಚು” ಎಂದಳು.

“ಯಾಕೆ? ನನ್ನನ್ನೂ ಮಷಿನ್‌ಗೆ ಹಾಕ್ತೀಯಾ?”

“ನಿನ್ನ ಶೂ ಎಷ್ಟನೇ ನಂಬರ್ರೋ?”

“ಅರವತ್ತಾರು ವರ್ಷಕ್ಕೆ ಇದೇನೇ ನಿನಗೆ? ಗಂಡಸಿನ ಶೂ ನಂಬರ್ ಕೇಳ್ತೀಯ. ಮದುವೆ ಗಿದುವೆ ಯೋಚನೆ ಇದ್ರೆ ನೇರವಾಗಿ ಹೇಳು ಮಾರಾಯ್ತಿ.”

“ಏಳು ಅಲ್ವಾ?”

ಇಸಾ ಅಪ್ಪನ ನೋಟುಬುಕ್ಕನ್ನು ಅವನ ಮುಂದೆ ಹಿಡಿದಳು. ವಾಟಿ ಓದಿ, ಬಟ್ಟೆಯ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಕ್ಕರಿಸಿದ.

“ನಿಮ್ಮಪ್ಪಂಗೆ ಆಗ್ಲೇ ಗೊತ್ತಾಗಿತ್ತು” ಎಂದ. “ಆರ್ಚಿ ಸಹಿ ಹಾಕಿದ ಮೇಲೆ ಒಂದಿನ ಬಸ್‌ಸ್ಟಾಪಲ್ಲಿ ಸಿಕ್ಕಿ ನನ್ನ ಕಾಲನ್ನೇ ನೋಡಿದ್ರು. ಆಮೇಲೆ ನನ್ನ ಮುಖ ನೋಡಿದ್ರು. ಒಂದು ಮಾತೂ ಕೇಳ್ಲಿಲ್ಲ. ದೊಡ್ಡ ಮನುಷ್ಯ.”

“ನಾನು ಕೇಳ್ತಿದೀನಿ.”

“ನೀನು ಬಿಡೋಳಲ್ಲ, ಗೊತ್ತು.” ಅವನು ಮೂಗು ಒರೆಸಿಕೊಂಡ. “ಟ್ರಯಲ್‌ಗೆ ಬಾ ಅಂತ ಕ್ಲಬ್ಬಿಂದ ಕಾಗದ ಬಂದಿದ್ದು ಆರ್ಚಿಗೆ. ಆಟಗಾರ ಅಂದ್ರೆ ನಮ್ಮ ಹಳ್ಳೀಲಿ ಅವನೇ. ನಾನು ಕುಳ್ಳ, ನನ್ನನ್ಯಾರು ಲೆಕ್ಕಕ್ಕೆ ಇಟ್ಕೊಂಡಿದ್ರು? ಆ ದಿನ ಬೆಳಿಗ್ಗೆಯಿಂದ ಅವನಿಗೆ ಒಂದೇ ಸಮನೆ ವಾಂತಿ. ಕಾಯಿಲೆ ಅಲ್ಲ ಕಣೇ, ಭಯ. ಬಸ್ ಇಳಿದು ಈ ಗೇಟಿನ ತನಕ ಬಂದು ಗೋಡೆ ಹಿಡ್ಕೊಂಡು ನಿಂತ್ಬಿಟ್ಟ. ‘ವಾಟಿ, ನೀನು ಹೋಗೋ. ಹೆಸರು ಯಾರೂ ಕೇಳಲ್ಲ. ಸುಮ್ನೆ ತೊಂಬತ್ತು ನಿಮಿಷ ನಿಂತು ಬಾ. ಹುಡುಗ ಬರ್ಲೇ ಇಲ್ಲ ಅಂದ್ರೆ ನನ್ನನ್ನ ಇನ್ನೊಂದ್ಸಲ ಕರೆಯಲ್ಲ’ ಅಂದ. ಅವನ ಬೂಟು ತಗೊಂಡು ನಾನು ಒಳಗೆ ಹೋದೆ.”

“ಒಬ್ರೂ ಗುರುತು ಹಿಡೀಲಿಲ್ವಾ?”

“ಟ್ರಯಲ್‌ಗೆ ಬಂದವನ ಜೊತೆ ಯಾರು ಮಾತಾಡ್ತಾರೆ? ಅವರಲ್ಲೇ ಒಬ್ಬನ ಜಾಗಕ್ಕೆ ಕಣ್ಣು ಹಾಕಿ ಬಂದಿರ್ತಾನೆ. ಇಬ್ಬರಿಗೂ ಕೆಂಚು ಕೂದಲು, ಒಂದೇ ವರ್ಷದ ಅಂತರ. ಹಣೆ ತನಕ ಕೆಸರು. ಮ್ಯಾನೇಜರ್‌ಗೆ ಹತ್ತಡಿ ಆಚೆ ಎಮ್ಮೆ ನಿಂತ್ರೂ ಕಾಣ್ತಿರ್ಲಿಲ್ಲ. ಸುಮ್ನೆ ನಿಂತು ಬಾ ಅಂದಿದ್ದ ಆರ್ಚಿ. ನಾನು ನಿಂತೇ ಇದ್ದೆ ಇಸಾ, ಅದು ಬಂದು ಕಾಲಿಗೆ ಬಿತ್ತು. ಒದ್ಬಿಟ್ಟೆ.”

“ಒದ್ಬಿಟ್ಟೆ ಅಂತಾನೆ!” ಇಸಾಳಿಗೆ ಸಿಟ್ಟು ಬಂತು. “ನಮ್ಮ ಕ್ಲಬ್ಬಿನ ಚರಿತ್ರೇಲೇ ಅಂಥ ಗೋಲು ಇನ್ನೊಂದಿಲ್ಲ ಕಣೋ! ಆಮೇಲೆ ಯಾಕೆ ಬಾಯಿ ಮುಚ್ಕೊಂಡಿದ್ದೆ?”

“ಎರಡು ವಾರಕ್ಕೆ ಮ್ಯಾನೇಜರ್ ಮನೆಗೇ ಬಂದ್ರು. ಕಾಗದದಲ್ಲಿದ್ದ ಹೆಸರು ಹೇಳಿ ಕರೆದ್ರು. ಆರ್ಚಿ ನನ್ನ ಕಡೆ ನೋಡ್ದ. ನಮ್ಮಮ್ಮ ಖುಷೀಲಿ ಅಳ್ತಿದ್ಲು. ನಾನು ಒಲೆಗೆ ಕಲ್ಲಿದ್ದಲು ತರ್ತೀನಿ ಅಂತ ಹೊರಗೆ ಹೋದೆ. ಬರೋ ಹೊತ್ತಿಗೆ ಸಹಿ ಆಗಿತ್ತು. ಆಮೇಲೆ ನಾನು ಆಟ ಬಿಟ್ಬಿಟ್ಟೆ. ಎಡಗಾಲಲ್ಲಿ ಒಂದು ಸಲ ಒದ್ರೆ ಸಾಕು, ಯಾರಾದ್ರೂ ಗುರುತು ಹಿಡೀತಿದ್ರು.”

ಮಷಿನ್ ನಿಂತಿತು. ಅವನು ದನಿ ತಗ್ಗಿಸಿ ಮುಂದುವರಿದ.

“ಪಾಪ, ಆಡೋಕಾಗ್ಲಿಲ್ಲ ಅವನಿಗೆ. ಜನ ‘ಎಡಗಾಲು ಮನೇಲಿಟ್ಟು ಬಂದ್ಯೇನೋ’ ಅಂತ ಕೂಗೋರು. ಕೇಳೋಕಾಗ್ತಿರ್ಲಿಲ್ಲ. ಅದಕ್ಕೆ ನಾನು ಅವರಿಗಿಂತ ಜೋರಾಗಿ ಬೇರೆಯವರನ್ನ ಬೈಯೋಕೆ ಶುರು ಮಾಡ್ದೆ. ಬ್ಯಾಕನ್ನ, ವಿಂಗರನ್ನ, ರೆಫ್ರೀನ. ಜನ ನಕ್ಕು ನನ್ನ ಕಡೆ ತಿರುಗ್ತಿದ್ರು. ಅಷ್ಟು ಹೊತ್ತು ಅವನಿಗೆ ನೆಮ್ಮದಿ. ಅವನು ಹೋದ ಮೇಲೂ ಚಟ ಬಿಡ್ಲಿಲ್ಲ, ಏನ್ ಮಾಡ್ಲಿ.”

ಇಸಾ ಒದ್ದೆ ಅಂಗಿಯೊಂದನ್ನು ತೆಗೆದು ಸುಮ್ಮನೆ ಹಿಂಡಿದಳು. ಐವತ್ತು ವರ್ಷ ಊರೆಲ್ಲ ನಕ್ಕಿದ್ದ ಆ ಗಂಟಲು ಇದಕ್ಕಾಗಿ ಹುಟ್ಟಿದ್ದೇ?

“ಬರೀಬೇಡ ಇಸಾ” ಎಂದ ವಾಟಿ. “ಕೈ ಮುಗೀತೀನಿ. ಅವನದು ಅಂತ ಇಲ್ಲಿ ಉಳ್ದಿರೋದು ಅದೊಂದೇ. ಹನ್ನೆರಡು ಆಟ, ಒಂದು ಗೋಲು. ಅದನ್ನ ಕಿತ್ಕೊಂಡ್ರೆ ಹನ್ನೊಂದು ಆಟ, ಸೊನ್ನೆ. ಅವನ ಮಗಳು ಸಮುದ್ರ ದಾಟಿ ಬರ್ತಿದಾಳೆ, ಅಪ್ಪ ಗೋಲು ಹೊಡೆದ ಜಾಗ ನೋಡ್ತೀನಿ ಅಂತ. ಅವಳಿಗೆ ಸೊನ್ನೆ ತೋರಿಸ್ತೀಯಾ?”

“ನಾನು ಇಷ್ಟು ವರ್ಷ ಒಂದೂ ಸುಳ್ಳು ಬರೆದೋಳಲ್ಲ ವಾಟಿ.”

“ಗೊತ್ತು.”

“ಮತ್ತೆ ನಿಂದು? ನಿಂಗೇನು ಉಳೀತೋ ಇಲ್ಲಿ?”

“ನಂಗೇನು? ಹೊಡೆದಿದ್ದು ನಾನು ಅಂತ ನಂಗೆ ಗೊತ್ತಲ್ಲ. ಪಾಪ, ಅವನಿಗೆ ಅದೂ ಇರ್ಲಿಲ್ಲ.”

“ಅವನು ಅಲ್ಲಿಂದ ನಿಂಗೆ ಏನೂ ಬರೀಲಿಲ್ವಾ?”

“ಕ್ರಿಸ್ಮಸ್‌ಗೆ ಒಂದು ಕಾರ್ಡು. ಚಳಿ ಜಾಸ್ತಿ, ಹಿಮ ಜಾಸ್ತಿ. ನಾನೂ ಮಳೆ ಜಾಸ್ತಿ ಅಂತ ಬರೀತಿದ್ದೆ. ಆ ವಿಷಯ ಎತ್ತಿದ್ರೆ ಅವನಿಗೆ ನೋವಾಗುತ್ತೆ ಅಂತ ನಾನು ಎತ್ಲಿಲ್ಲ. ಅವನೂ ಎತ್ಲಿಲ್ಲ.”

ಶುಕ್ರವಾರವಿಡೀ ಇಸಾ ಪಟ್ಟಿಯ ಆ ಪುಟದ ಮುಂದೆ ಕೂತಳು. ನಿಜ ಬರೆಯದಿದ್ದರೆ ಇಪ್ಪತ್ತಮೂರು ವರ್ಷದ ಕೆಲಸಕ್ಕೆ ಏನು ಬೆಲೆ? ಬರೆದರೆ ಸತ್ತವನೊಬ್ಬನ ಕೈಯಿಂದ ಇದ್ದೊಂದನ್ನು ಕಸಿದ ಹಾಗೆ, ಬದುಕಿದ್ದವನ ಐವತ್ತು ವರ್ಷದ ಮೌನವನ್ನು ಕಾಲಲ್ಲಿ ಒದ್ದ ಹಾಗೆ. ನೂರ ಹದಿನಾಲ್ಕು ಜನರ ಹೆಸರು ಹುಡುಕುವಾಗ, ಹುಡುಕುವುದು ಬೇಡವೆನ್ನುವವನೂ ಒಬ್ಬ ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಯಾಕಾದರೂ ಆ ನೋಟುಬುಕ್ಕು ತೆಗೆದೆನೋ ಎಂದು ತನ್ನನ್ನೇ ಬೈದುಕೊಂಡಳು. ಸಂಜೆ ಪೆನ್ನಿನ ಮುಚ್ಚಳ ಹಾಕಿದಳು. ಸಾಲು ಇದ್ದ ಹಾಗೇ ಇರಲಿ. ತನಗೆ ಗೊತ್ತಿದ್ದೂ ಬಿಟ್ಟ ತಪ್ಪು ಇದೊಂದು.

ಶನಿವಾರ ಶೋನಾ ಬಂದಳು. ನಲವತ್ತರ ಮೇಲಿನ ಹೆಂಗಸು, ಕೆಂಚು ಕೂದಲಿಗೆ ನರೆ ಸೇರಿತ್ತು. ಆಟ ಆಗಲೇ ಶುರುವಾಗಿತ್ತು. ಫಿನ್ಲೆ ಅವಳನ್ನು ಸ್ಟ್ಯಾಂಡಿನ ಮೂರನೆಯ ಸಾಲಿಗೆ ತಂದು ಇಸಾಳ ಪಕ್ಕ ಕೂರಿಸಿ, ಅಂಗಿ ತರಲು ಓಡಿದ. ಇಸಾಳ ಆ ಬದಿಯಲ್ಲಿ ವಾಟಿ ಕೂತಿದ್ದ. ಕೋಟು ಇಸ್ತ್ರಿ ಮಾಡಿಸಿದ್ದ. ಇಪ್ಪತ್ತು ನಿಮಿಷದಿಂದ ಅವನ ಬಾಯಿಂದ ಒಂದೂ ಬೈಗುಳ ಬಂದಿರಲಿಲ್ಲ. ಹಿಂದಿನ ಸಾಲಿನವರು “ಏನೋ ವಾಟಿ, ಜ್ವರಾನಾ?” ಎಂದು ಎರಡು ಸಲ ಕೇಳಿದ್ದರು.

“ಇವನು ವಾಟಿ, ನಿಮ್ಮಪ್ಪನ ತಮ್ಮ” ಎಂದಳು ಇಸಾ.

“ಚಿಕ್ಕಪ್ಪ!” ಶೋನಾ ಇಸಾಳನ್ನು ದಾಟಿ ಬಗ್ಗಿ ಅವನ ಎರಡೂ ಕೈ ಹಿಡಿದುಕೊಂಡಳು. ವಾಟಿ ತಲೆಯಾಡಿಸಿದ, ಅಷ್ಟೇ.

ಏನಾದರೂ ಮಾತಾಡಬೇಕಲ್ಲ ಎಂದು ಇಸಾ ಪುಸ್ತಕದ ಕರಡನ್ನು ತೆಗೆದು ಆ ಪುಟ ತೋರಿಸಿದಳು. “ನೋಡಮ್ಮ, ಇಲ್ಲಿದೆ ನಿಮ್ಮಪ್ಪನ ಹೆಸರು. ಸೋಮವಾರ ಅಚ್ಚಿಗೆ ಹೋಗುತ್ತೆ.” ಹೇಳುವಾಗ ಅವಳ ಕಿವಿ ಬಿಸಿಯಾಯಿತು.

ಶೋನಾ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಹುಬ್ಬು ಗಂಟು ಹಾಕಿದಳು.

“ಇಲ್ಲಿ ತಪ್ಪಾಗಿದೆಯಲ್ಲ. ಒಂದು ಗೋಲು ಅಂತಿದೆ. ಅಪ್ಪ ಯಾವತ್ತೂ ಗೋಲು ಹೊಡೀಲಿಲ್ಲ.”

ಇಸಾ ವಾಟಿಯ ಕಡೆ ನೋಡಿದಳು. ವಾಟಿ ಮೈದಾನದ ಕಡೆ ನೋಡುತ್ತಿದ್ದ, ಆದರೆ ಕಣ್ಣು ಅಲ್ಲಿರಲಿಲ್ಲ.

“ಆ ಗೋಲು ಚಿಕ್ಕಪ್ಪಂದು” ಎಂದಳು ಶೋನಾ, ಇದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ ಎಂಬಂತೆ. “ಅದನ್ನ ನೋಡೋಕೇ ನಾನು ಬಂದಿದ್ದು. ನಮ್ಮೂರಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಕಾರ್ಖಾನೆ ಕ್ಯಾಂಟೀನಲ್ಲಿ, ಹೊಸ ವರ್ಷದ ಪಾರ್ಟೀಲಿ, ಕೊನೆಗೆ ಆಸ್ಪತ್ರೇಲಿ ನರ್ಸ್‌ಗಳನ್ನೂ ಬಿಡ್ಲಿಲ್ಲ ಅಪ್ಪ. ‘ನನ್ನ ತಮ್ಮ ಇಡೀ ಜೀವನದಲ್ಲಿ ಒಂದೇ ಆಟ ಆಡ್ದ, ಒಂದೇ ಗೋಲು ಹೊಡ್ದ. ಗೇಟಿನ ಸಂದೀಲಿ ನಿಂತು ನಾನು ಕಣ್ಣಾರೆ ನೋಡ್ದೆ’ ಅಂತ. ಕೇಳಿ ಕೇಳಿ ನಮಗೆ ಬಾಯಿಪಾಠ ಆಗಿತ್ತು.”

“ಅವನು ಹೇಳ್ತಿದ್ನಾ?” ವಾಟಿ ಅವಳ ಕಡೆ ತಿರುಗಿದ. “ಎಲ್ಲರಿಗೂ?”

“ಎಲ್ಲರಿಗೂ.”

“ನಂಗೆ ಒಂದು ಸಾಲು ಬರೀಲಿಲ್ವಲ್ಲಮ್ಮ ಅವನು. ಐವತ್ತು ವರ್ಷ.”

ಶೋನಾಳ ಮುಖ ಸಪ್ಪಗಾಯಿತು. “ನಾವೂ ಬರೀರಿ ಅಂತಿದ್ವಿ ಚಿಕ್ಕಪ್ಪ. ‘ಅವನ ಅಂಗಿ ನಾನು ಹಾಕ್ಕೊಂಡೆ, ಅವನು ಆಟ ಬಿಟ್ಟ. ಅವನಿಗೆ ನನ್ನ ಮೇಲೆ ಸಿಟ್ಟಿದೆ, ಇರಲೇಬೇಕು. ಯಾವ ಮುಖ ಇಟ್ಕೊಂಡು ಬರೀಲಿ?’ ಅನ್ನೋರು. ಅಷ್ಟು ಹೇಳಿ ಎದ್ದು ಹೋಗಿಬಿಡೋರು.”

“ಸಿಟ್ಟಾ?” ಎಂದ ವಾಟಿ. “ನಂಗಾ?” ಮುಂದಿನ ಸಾಲಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಅಯ್ಯೋ ದಡ್ಡ. ಅಯ್ಯೋ ನನ್ನ ದಡ್ಡ ಅಣ್ಣ.”

ಇಸಾ ಪೆನ್ನು ತೆಗೆದಳು. ಹನ್ನೆರಡನ್ನು ಹೊಡೆದು ಹನ್ನೊಂದು ಮಾಡಿದಳು, ಒಂದನ್ನು ಹೊಡೆದು ಸೊನ್ನೆ ಮಾಡಿದಳು. ಕೆಳಗೆ ವಾಟಿಯ ಪೂರ್ತಿ ಹೆಸರಿನಲ್ಲಿ ಹೊಸ ಸಾಲು ಬರೆದಳು: ವಾಲ್ಟರ್ ಗೌರ್ಲೆ, ಪಂದ್ಯ ಒಂದು, ಗೋಲು ಒಂದು. ವಾಟಿ ತಡೆಯಲಿಲ್ಲ, ಅವನು ನೋಡುತ್ತಲೂ ಇರಲಿಲ್ಲ.

“ನಾನು ಎಷ್ಟು ದೂರದಿಂದ ಹೊಡೆದೆ ಅಂತಿದ್ದ?” ಎಂದು ಕೇಳಿದ ಅವನು.

“ಮೂವತ್ತೈದು ಗಜ ಅನ್ನೋರು.”

“ಮೂವತ್ತೈದು!” ವಾಟಿ ನಗಲು ಹೋದ, ನಗು ಅರ್ಧದಲ್ಲೇ ಒಡೆದು ಕಣ್ಣೀರು ಸುರಿಯಿತು. ಇಸ್ತ್ರಿ ಮಾಡಿದ ಕೋಟಿನ ತೋಳಿನಿಂದಲೇ ಒರೆಸಿಕೊಂಡ. “ಹದಿನೆಂಟು ಕಣಮ್ಮ. ಹದಿನೆಂಟೇ ಗಜ. ಆರ್ಚಿ ಯಾವಾಗ್ಲೂ ಸುಳ್ಳುಬುರುಕ.” ಆಮೇಲೆ ಶೋನಾಳ ಕೈಯನ್ನು ತನ್ನ ಎರಡು ಕೈಯೊಳಗೆ ತೆಗೆದುಕೊಂಡು, “ಹೇಳಮ್ಮ” ಎಂದ. “ಅವನು ಹೇಗೆ ಹೇಳ್ತಿದ್ನೋ ಹಾಗೇ ಹೇಳು. ಮೊದ್ಲಿಂದ ಹೇಳು.”

ಶೋನಾ ಹೇಳತೊಡಗಿದಳು. ಅವಳು ಹೇಳುತ್ತಿದ್ದಾಗ ಮೈದಾನದಲ್ಲಿ ರೋವರ್ಸ್ ಒಂದು ಗೋಲು ಹೊಡೆದರು, ಇಡೀ ಸ್ಟ್ಯಾಂಡು ಎದ್ದು ಕಾಲಲ್ಲಿ ಹಲಗೆ ಬಡಿಯಿತು, ಮೂರನೆಯ ಸಾಲಿನಲ್ಲಿ ಮೂವರು ಮಾತ್ರ ಕೂತೇ ಇದ್ದರು. ಅದನ್ನು ಯಾರು ಹೊಡೆದರೆಂದು ಇಸಾ ಮರುದಿನ ಫಿನ್ಲೆಯನ್ನು ಕೇಳಿ ಬರೆದುಕೊಳ್ಳಬೇಕಾಯಿತು.